ಹಳೆ ಆರ್‌ಸಿಸಿ ಮನೆ ರಿಪೇರಿ: ಮೊದಲ ದುಡ್ಡು ತಾರಸಿಗಾ, ಕಿಟಕಿಗಾ, ಎಸಿಗಾ?

ಕಳೆದ ವರ್ಷ ಏಪ್ರಿಲ್ ತಿಂಗಳು. ರಾತ್ರಿ ಹತ್ತು ಗಂಟೆಗೆ ಮಂಚದ ಮೇಲೆ ಹತ್ತಿ ನಿಂತು ಸೂರಿಗೆ ಅಂಗೈ ಹಚ್ಚಿ ನೋಡಿದೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿತ್ತು. ಹೊರಗೆ ಅಂಗಳದಲ್ಲಿ ಆಗಲೇ ತಣ್ಣಗೆ ಗಾಳಿ ಬೀಸುತ್ತಿತ್ತು. ಒಳಗೆ ಫ್ಯಾನು ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತಿತ್ತು. ಅವ್ವ ಹೇಳಿದ್ದು ಒಂದೇ ಮಾತು: "ಎಸಿ ಹಾಕಿಸಿಬಿಡಪ್ಪ, ಸಾಕು."

ಎಸಿ ಹಾಕಿಸಿದ್ದೂ ನಿಜ. ಆದರೆ ಅದಕ್ಕೆ ಮುಂಚೆ ಐದು ತಿಂಗಳು ಮೇಸ್ತ್ರಿ, ಎಲೆಕ್ಟ್ರಿಷಿಯನ್, ಕಿಟಕಿಯವರು, ಸೋಲಾರ್‌ನವರು ಅಂತ ಸುತ್ತಾಡಿದ್ದೇನೆ. ದಾವಣಗೆರೆಯಲ್ಲಿ ಅಪ್ಪ 1994ರಲ್ಲಿ ಕಟ್ಟಿಸಿದ ಮನೆ ಇದು. 30×40 ಸೈಟು, 900 ಚದರಡಿ, ಒಂದೇ ಅಂತಸ್ತು, ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್. ನಮ್ಮ ನಾಡಿನ ಊರುಗಳಲ್ಲಿ ಇಂಥ ಮನೆಗಳಿಗೇನೂ ಬರವಿಲ್ಲ. ಮಕ್ಕಳು ದೊಡ್ಡವರಾದರು, ಯಾರೋ ಒಬ್ಬರು ಮನೆಯಿಂದಲೇ ಕೆಲಸ ಮಾಡುತ್ತಾರೆ, ಹಿರಿಯರಿಗೆ ಮೊಣಕಾಲು ನೋವು. ಮನೆ ಮಾತ್ರ ಹಾಗೇ ಇದೆ. ಏನು ಮಾಡಿಸಬೇಕು, ಯಾವುದು ಮೊದಲು, ಯಾವುದು ಸುಮ್ನೆ ದುಡ್ಡು ಹಾಳು ಅಂತ ನನಗೆ ಅರ್ಥವಾದಷ್ಟನ್ನು ಇಲ್ಲಿ ಇಡುತ್ತಿದ್ದೇನೆ. ದರಗಳೆಲ್ಲ ನಮ್ಮೂರಲ್ಲಿ ನನಗೆ ಸಿಕ್ಕವು. ನಿಮ್ಮೂರಲ್ಲಿ ಸ್ವಲ್ಪ ಆಚೀಚೆ ಇರಬಹುದು.

ಕೆಡವೋದಾ, ಉಳಿಸಿಕೊಳ್ಳೋದಾ?

ಇದನ್ನು ಬೇಗ ಮುಗಿಸುತ್ತೇನೆ. ಕಂಟ್ರಾಕ್ಟರ್ ಹತ್ತಿರ ಕೇಳಿದರೆ ಹತ್ತರಲ್ಲಿ ಎಂಟು ಜನ "ಕೆಡವಿ ಕಟ್ಟಿ ಸಾರ್" ಅಂತಲೇ ಹೇಳುತ್ತಾರೆ. ಅವರ ಹೊಟ್ಟೆಪಾಡು ಅದು, ತಪ್ಪೇನಿಲ್ಲ. ನೀವು ಮಾಡಬೇಕಾದ್ದು ಇಷ್ಟು: ಸ್ಲ್ಯಾಬಿನ ತಳಭಾಗಕ್ಕೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. "ಠಣ್" ಅಂದರೆ ಗಟ್ಟಿ ಇದೆ. "ಡಬ್" ಅಂತ ಟೊಳ್ಳು ಸದ್ದು ಬಂದರೆ ಒಳಗೆ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟನ್ನು ಒಡೆಯುತ್ತಿರಬಹುದು ಅಂತ ಅರ್ಥ. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಇದ್ದರೆ ರಿಪೇರಿಯಾಗುತ್ತದೆ. ಮನೆ ಪೂರ್ತಿ ಹಾಗೇ ಇದ್ದರೆ, ತೊಲೆಗಳಲ್ಲೂ ಉದ್ದುದ್ದ ಬಿರುಕು ಇದ್ದರೆ, ಮುಂದಿನದನ್ನು ಓದುವ ಬದಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ನಮ್ಮದು ಎರಡು ಕಡೆ ಬಿಟ್ಟರೆ ಗಟ್ಟಿ ಇತ್ತು. ಉಳಿಸಿಕೊಂಡೆವು.

ಬಿಸಿಲು ಬರುವ ದಾರಿ

ಮನೆಗೆ ಬಿಸಿ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗದೆ ದುಡ್ಡು ಹಾಕಬಾರದು. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ನಿಲ್ಲುತ್ತಾನೆ. ಅಂದರೆ ಕಡು ಬೇಸಿಗೆಯಲ್ಲಿ ಜಾಸ್ತಿ ಬಿಸಿಲು ಕುಡಿಯುವುದು ತಾರಸಿ. ಎರಡನೆಯದು ಸಂಜೆ ಬಿಸಿಲು ಬೀಳುವ ಪಡುವಣ ಗೋಡೆ. ತೆಂಕಣ ಗೋಡೆಗೆ ಆ ದಿನಗಳಲ್ಲಿ ಬಿಸಿಲು ತಾಗುವುದೇ ಅಪರೂಪ. ಆದರೂ ಜನ ಪರದೆ, ಟಿಂಟ್ ಗ್ಲಾಸ್ ಅಂತ ನಾಲ್ಕೂ ಕಡೆ ಸಮನಾಗಿ ಖರ್ಚು ಮಾಡುತ್ತಾರೆ.

ಕಾಂಕ್ರೀಟಿನ ಇನ್ನೊಂದು ಗುಣ ಏನೆಂದರೆ, ಅದು ಹಗಲೆಲ್ಲ ಬಿಸಿ ಕುಡಿದು ಕೆಳಗೆ ಕಾರುವುದು ಗಂಟೆಗಟ್ಟಲೆ ತಡವಾಗಿ. ರಾತ್ರಿ ಸೂರು ಬಿಸಿ ಇರುವುದು ಅದಕ್ಕೇ. ಹಿಂದೆ ಎಲ್ಲರೂ ಚಾಪೆ ಸುತ್ತಿಕೊಂಡು ಮಾಳಿಗೆಗೆ ಮಲಗಲು ಹೋಗುತ್ತಿದ್ದದ್ದೂ ಅದಕ್ಕೇ ಇರಬೇಕು. ಈಗ ಸೊಳ್ಳೆ, ಮೊಬೈಲು, ನಾಚಿಕೆ.

ತಾರಸಿಗೆ ಏನು: ಸುಣ್ಣ, ಬಿಳಿ ಪೇಂಟು, ಚೈನಾ ಮೊಸಾಯಿಕ್, ಶೀಟು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಇಡೀ ಮನೆಯ ಹಣೆಬರಹ ಇರುವುದು ಇಲ್ಲೇ.

ಎಲ್ಲಕ್ಕಿಂತ ಅಗ್ಗ ಸುಣ್ಣ. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ಎರಡು ಕೋಟ್ ಬಳಿದರೆ 900 ಚದರಡಿಗೆ ಎರಡು ಮೂರು ಸಾವಿರದೊಳಗೆ ಮುಗಿಯುತ್ತದೆ. ಹಳೆ ಬೂದು ಕಾಂಕ್ರೀಟು ಬಿಸಿಲಿನಲ್ಲಿ ಮೂರನೇ ಒಂದು ಭಾಗವನ್ನೂ ವಾಪಸ್ ಕಳಿಸುವುದಿಲ್ಲ. ಹೊಸದಾಗಿ ಬಳಿದ ಬಿಳಿ ಮೈ ಮುಕ್ಕಾಲು ಪಾಲು ಕಳಿಸಿಬಿಡುತ್ತದೆ. ಪರಿಣಾಮ ಮರುದಿನವೇ ಕಾಣುತ್ತದೆ, ಬರಿಗಾಲಲ್ಲಿ ತಾರಸಿ ಮೇಲೆ ನಿಲ್ಲಬಹುದು. ತೊಂದರೆ ಒಂದೇ: ಒಂದು ಮಳೆಗಾಲ ಕಳೆದರೆ ತೊಳೆದು ಹೋಗುತ್ತದೆ, ಪ್ರತಿ ಫೆಬ್ರುವರಿಯಲ್ಲಿ ಮತ್ತೆ ಬಳಿಯಬೇಕು. ಬಾಡಿಗೆ ಮನೆಯಲ್ಲಿ ಇರುವವರಿಗೆ, ಈ ವರ್ಷ ಕೈಯಲ್ಲಿ ದುಡ್ಡಿಲ್ಲದವರಿಗೆ ಇದೇ ಸರಿ. ನಾಚಿಕೆ ಪಡಬೇಕಾದ್ದೇನೂ ಇಲ್ಲ. ನೆರೆಯ ತೆಲಂಗಾಣ 2023ರಲ್ಲಿ ತಂಪು ತಾರಸಿಗೆ ಅಂತಲೇ ಒಂದು ಸರ್ಕಾರಿ ನೀತಿ ತಂದಿದೆ. ಅದರ ತಿರುಳೂ ಇಷ್ಟೇ, ತಾರಸಿಯನ್ನು ಬೆಳ್ಳಗೆ ಇಡಿ.

ಅದರ ಮುಂದಿನದು ಕೂಲ್ ರೂಫ್ ಪೇಂಟು. ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವ ಬಿಳಿ ಬಣ್ಣ. ಕೂಲಿ ಸೇರಿ ಚದರಡಿಗೆ 25ರಿಂದ 35 ರೂಪಾಯಿ ಹೇಳಿದರು. ನಾಲ್ಕೈದು ವರ್ಷ ಬಾಳುತ್ತದೆ, ಸಣ್ಣ ಕೂದಲೆಳೆ ಬಿರುಕನ್ನೂ ಮುಚ್ಚುತ್ತದೆ. ಆದರೆ ಧೂಳು ಕೂತರೆ ಬಿಳಿ ಹೋಗಿ ಕಂದಾಗುತ್ತದೆ, ಆಗ ಕೆಲಸವೂ ಕಮ್ಮಿಯಾಗುತ್ತದೆ. ನಮ್ಮ ಕಡೆ ಎರೆ ಮಣ್ಣಿನ ಧೂಳು ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ, ಯುಗಾದಿ ಮುಂಚೆ, ಪೊರಕೆ ಹಿಡಿದು ತೊಳೆಯಲೇಬೇಕು.

ಇಲ್ಲಿ ನಾನೊಂದು ಪೆಟ್ಟು ತಿಂದೆ. ಮೊದಲು ಬಂದ ಗುತ್ತಿಗೆದಾರರು ಸೋರುತ್ತಿದ್ದ ಮೂಲೆಯ ಮೇಲೇ ಬಣ್ಣ ಬಳಿದು ಹೋದರು. ಜೂನ್‌ನಲ್ಲಿ ನೀರು ಒಳಗೆ ಇಳಿದು, ಬಣ್ಣದ ಅಡಿಯಲ್ಲಿ ಗುಳ್ಳೆ ಎದ್ದು, ಹಪ್ಪಳದ ಹಾಗೆ ಉಬ್ಬಿತು. ಕೆರೆದು ತೆಗೆಯಲು ಬಳಿದದ್ದಕ್ಕಿಂತ ಜಾಸ್ತಿ ಖರ್ಚಾಯಿತು. ಸೋರಿಕೆ ಮೊದಲು, ನೀರು ಹರಿಯುವ ಇಳಿಜಾರು ಎರಡನೆಯದು, ಬಣ್ಣ ಆಮೇಲೆ. ಈ ಸಾಲು ತಪ್ಪಿದರೆ ಯಾವ ಕಂಪನಿಯ ಡಬ್ಬಿ ತಂದರೂ ಒಂದೇ.

ಮೂರನೆಯದು ಚೈನಾ ಮೊಸಾಯಿಕ್. ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಗಾರೆಯಲ್ಲಿ ಕೂರಿಸುವುದು. ವಾಟರ್‌ಪ್ರೂಫಿಂಗ್ ಸೇರಿ ಚದರಡಿಗೆ 110ರಿಂದ 150 ರೂಪಾಯಿ. ಬೆಳ್ಳಗೂ ಇರುತ್ತದೆ, ಉಜ್ಜಿ ತೊಳೆಯಲೂ ಸುಲಭ, ಇಪ್ಪತ್ತು ವರ್ಷ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಳೆ ಬಿದ್ದಾಗ ಜಾರುವುದು ಬೇರೆ ಮಾತು. ಇದರ ಅಡಿಗೆ ಇಟ್ಟಿಗೆ ಚೂರಿನ ಗಚ್ಚು ಹಾಕುವ ಪದ್ಧತಿಯೂ ಇದೆ. ಅದರಲ್ಲಿ ಎಚ್ಚರ ಬೇಕು. ನಾಲ್ಕು ಇಂಚು ಗಚ್ಚು ಹಾಕಿದರೆ ಒಂದೊಂದು ಚದರಡಿಗೆ ಹದಿನೆಂಟು ಕಿಲೋ ಹತ್ತಿರ ಭಾರ ಬೀಳುತ್ತದೆ. 900 ಚದರಡಿಗೆ ಲೆಕ್ಕ ಹಾಕಿ, ಹದಿನಾರು ಟನ್. ಮೂವತ್ತು ವರ್ಷದ ಐದಿಂಚು ಸ್ಲ್ಯಾಬಿನ ಮೇಲೆ ಹಳೆ ಗಚ್ಚು ಆಗಲೇ ಇದ್ದರೆ, ಅದರ ಮೇಲೆ ಇನ್ನೊಂದು ಹಾಕಿಸಬೇಡಿ. ಹಳೆಯದನ್ನು ತೆಗೆಸಿ, ಇಲ್ಲ ಬಿಟ್ಟುಬಿಡಿ.

ತಾರಸಿ ಮೇಲೆ ಫೋಮ್ ಶೀಟು ಕೂರಿಸಿ ಅದರ ಮೇಲೆ ತೆಳು ಕಾಂಕ್ರೀಟ್ ಹಾಕುವುದೂ ಇದೆ. ಭಾರ ಕಮ್ಮಿ, ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಸಣ್ಣ ಊರುಗಳಲ್ಲಿ ಇದನ್ನು ಮಾಡಿ ಅಭ್ಯಾಸ ಇರುವವರು ಸಿಗುವುದು ಕಷ್ಟ. ಕೆಲಸ ಬಾರದವರ ಕೈಯಲ್ಲಿ ಒಳ್ಳೆ ಸಾಮಾನು ಕೊಟ್ಟು ಪ್ರಯೋಜನವಿಲ್ಲ. ಎಸಿ ದಿನವಿಡೀ ಓಡುವ ಮನೆಗೆ ಇದು ಸರಿ. ನಮ್ಮಂಥವರಿಗೆ ಬೇಕಾಗಿಲ್ಲ ಅನಿಸಿತು.

ಕೊನೆಗೆ ಶೀಟು. ಊರು ತುಂಬ ಈಗ ಇದೇ ಕಾಣುವುದು. ಕಬ್ಬಿಣದ ಕಂಬ ನಿಲ್ಲಿಸಿ ತಾರಸಿಗೆಲ್ಲ ಬಣ್ಣದ ಶೀಟಿನ ಚಪ್ಪರ. ಚದರಡಿಗೆ 250ರಿಂದ 350. ಬಿಸಿಲು ಸ್ಲ್ಯಾಬಿಗೆ ಮುಟ್ಟುವುದೇ ಇಲ್ಲ, ಮಧ್ಯೆ ಗಾಳಿ ಆಡುತ್ತದೆ. ತಂಪಿನ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಬಟ್ಟೆ ಒಣಗಿಸಲು, ಮಗುವಿನ ನಾಮಕರಣಕ್ಕೆ ಐವತ್ತು ಜನರ ಊಟ ಹಾಕಲು ಜಾಗವಾಯಿತು. ಆದರೆ ಹಪ್ಪಳ ಸಂಡಿಗೆಗೆ ಬಿಸಿಲು ಎಲ್ಲಿ ತರುವುದು, ಸೋಲಾರ್ ಎಲ್ಲಿ ಇಡುವುದು? ಮಳೆ ಬಂದರೆ ಕೆಳಗೆ ಟಿವಿ ಕೇಳಿಸುವುದಿಲ್ಲ. ಗಾಳಿಗೆ ಹಾರದಂತೆ ಕಂಬಗಳನ್ನು ತೊಲೆಯ ಮೇಲೇ ನಿಲ್ಲಿಸಬೇಕು. ಬರೀ ಸ್ಲ್ಯಾಬಿಗೆ ಬೋಲ್ಟ್ ಹೊಡೆದರೆ ಅಲ್ಲೇ ಸೋರಿಕೆ ಶುರು. ಪಾಲಿಕೆಯ ಅನುಮತಿಯನ್ನೂ ಮೊದಲೇ ಕೇಳಿಕೊಳ್ಳಿ.

ನನ್ನ ತೀರ್ಮಾನ? ಮುಂದೆ ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆ ಇದ್ದರೆ ಶೀಟಿನ ದುಡ್ಡನ್ನು ಪ್ಯಾನೆಲ್‌ನ ಎತ್ತರದ ಸ್ಟ್ಯಾಂಡಿಗೆ ಹಾಕಿ. ಎಂಟಡಿ ಎತ್ತರದಲ್ಲಿ ಪ್ಯಾನೆಲ್ ನಿಲ್ಲಿಸಿದರೆ ಅದೇ ಚಪ್ಪರ. ಉಳಿದ ಜಾಗಕ್ಕೆ ಬಿಳಿ ಪೇಂಟು. ನಾವು ಮಾಡಿದ್ದು ಹೀಗೇ. ಸೋಲಾರ್ ಯೋಚನೆಯೇ ಇಲ್ಲ ಅಂದರೆ ಚೈನಾ ಮೊಸಾಯಿಕ್.

ಒಳಗಿನಿಂದ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸಿದರೆ ತಂಪಾಗುತ್ತದೆ ಅಂತ ಹೇಳುವವರಿದ್ದಾರೆ. ಸ್ವಲ್ಪ ಆಗುತ್ತದೆ, ಸುಳ್ಳಲ್ಲ. ಆದರೆ ಆಗ ಬಿಸಿ ಆಗಲೇ ಸ್ಲ್ಯಾಬಿಗೆ ಹೊಕ್ಕಾಗಿದೆ. ಕಳ್ಳ ಪಡಸಾಲೆಗೆ ಬಂದ ಮೇಲೆ ಮಲಗುವ ಕೋಣೆಗೆ ಬೀಗ ಹಾಕಿದ ಹಾಗೆ. ಹತ್ತಡಿ ಎತ್ತರದ ಹಳೆ ಮನೆಯಲ್ಲಿ ಮುಕ್ಕಾಲು ಅಡಿ ಎತ್ತರವೂ ಹೋಗುತ್ತದೆ. ಅಂದಕ್ಕೆ ಬೇಕಾದರೆ ಹಾಕಿಸಿ, ತಂಪಿಗೆ ಅಂತ ಬೇಡ.

ಕಿಟಕಿ: ಮರ ಉಳಿಸೋದಾ, ಯುಪಿವಿಸಿನಾ?

ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಯವರ ಅಂಗಡಿಯಲ್ಲಿ ಎರಡು ಗಾಜಿನ ಕಿಟಕಿ ತೋರಿಸುತ್ತಾರೆ. ಒಂದು ಕಡೆ ಬಲ್ಬು ಉರಿಸಿ ಇನ್ನೊಂದು ಕಡೆ ಕೈ ಇಡಿಸುತ್ತಾರೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನಮ್ಮ ಊರಲ್ಲಿ ಕಿಟಕಿ ಮುಚ್ಚಿಕೊಂಡು ಕೂರುವವರು ಎಷ್ಟು ಜನ? ತೆರೆದಿಟ್ಟ ಕಿಟಕಿಗೆ ಎರಡು ಗಾಜಾದರೇನು, ನಾಲ್ಕಾದರೇನು. ಹೆದ್ದಾರಿ ಪಕ್ಕದ ಮನೆಯಾದರೆ ಸದ್ದು ತಡೆಯಲು ತೆಗೆದುಕೊಳ್ಳಿ.

ಜಾಸ್ತಿ ಜನ ಎಡವುವುದು ಸ್ಲೈಡಿಂಗ್ ಕಿಟಕಿಯಲ್ಲಿ. ನಾಲ್ಕಡಿ ಅಗಲದ ಹಳೆ ಮರದ ಕಿಟಕಿ ಪೂರ್ತಿ ತೆರೆಯುತ್ತದೆ. ಅದೇ ಜಾಗಕ್ಕೆ ಎರಡು ಬಾಗಿಲಿನ ಸ್ಲೈಡಿಂಗ್ ಹಾಕಿದರೆ ತೆರೆಯುವುದು ಎರಡಡಿ. ಅರ್ಧ ಗಾಳಿ ಹೋಯಿತು. ಜಾಗ ಇದ್ದರೆ ಹೊರಗೆ ತೆರೆಯುವ ಬಾಗಿಲಿನದ್ದೇ ಹಾಕಿಸಿ, ಸೊಳ್ಳೆ ಪರದೆ ಒಳಗಿನಿಂದ.

ನಮ್ಮ ಮನೆಯ ಮರ ಗಟ್ಟಿ ಇತ್ತು, ಗೆದ್ದಲು ಮುಟ್ಟಿರಲಿಲ್ಲ. ಹಾಗಾಗಿ ಚೌಕಟ್ಟು ಉಳಿಸಿಕೊಂಡು ಸಂದುಗಳನ್ನು ಮುಚ್ಚಿಸಿ, ಸೊಳ್ಳೆ ಪರದೆಯ ಬಾಗಿಲು ಸೇರಿಸಿದೆವು. ಹೊಸ ಕಿಟಕಿಯ ಖರ್ಚಿನ ಕಾಲು ಭಾಗದಲ್ಲಿ ಮುಗಿಯಿತು. ರಾತ್ರಿ ಕಿಟಕಿ ತೆರೆದಿಡಲು ಸಾಧ್ಯವಾಗಿದ್ದೇ ಆ ಪರದೆಯಿಂದ.

ಪಡುವಣ ಕಿಟಕಿಗೆ ಒಳಗಿನ ದಪ್ಪ ಪರದೆಗಿಂತ ಹೊರಗಿನ ಬಿದಿರಿನ ತಟ್ಟಿ ವಾಸಿ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಏನು ಮಾಡೀತು? ಸಜ್ಜಾ ಒಂದೂವರೆ ಅಡಿ ಇದ್ದರೂ ಸಂಜೆ ನಾಲ್ಕರ ಓರೆ ಬಿಸಿಲು ಅದರ ಕೆಳಗೆ ನುಗ್ಗುತ್ತದೆ. ತಟ್ಟಿಯನ್ನು ಮೂರು ಗಂಟೆಗೆ ಇಳಿಸಿ ಆರಕ್ಕೆ ಸುತ್ತಿದರೆ ಸಾಕು. ಮೇ ತಿಂಗಳಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಅದರ ಸುಖವೇ ಬೇರೆ. ಪಡುವಣಕ್ಕೆ ನಾಲ್ಕಡಿ ಮಣ್ಣಿನ ಜಾಗ ಇದ್ದವರು ಪುಣ್ಯವಂತರು, ಒಂದು ಹೊಂಗೆ ಗಿಡ ನೆಡಿ. ಸೈಟಿನ ಉದ್ದಕ್ಕೂ ಸಿಮೆಂಟು ಸುರಿದವರಿಗೆ ತಟ್ಟಿಯೇ ಗತಿ. ನಾವು ಎರಡನೇ ಗುಂಪು.

ಫ್ಯಾನು, ಕೂಲರ್ರು, ಎಸಿ

ಹಳೆ ಫ್ಯಾನು 75 ವ್ಯಾಟ್ ಎಳೆಯುತ್ತದೆ. ಕಮ್ಮಿ ಕರೆಂಟು ಎಳೆಯುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್ ಆಚೀಚೆ. ದಿನಕ್ಕೆ 12 ಗಂಟೆ ಓಡಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿಯಿತು. ನಾಲ್ಕು ಫ್ಯಾನಿಗೆ 64. ಮಾಮೂಲಿ ಫ್ಯಾನಿಗಿಂತ ಸಾವಿರ ಸಾವಿರದೈನೂರು ಜಾಸ್ತಿ ಬೆಲೆ. ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿಯೂ ಎರಡು ಪಟ್ಟು ಹೊತ್ತು ಬರುತ್ತದೆ. ಇಡೀ ಮನೆಯಲ್ಲಿ ಇಷ್ಟು ಸುಲಭದ ಉಳಿತಾಯ ಇನ್ನೊಂದಿಲ್ಲ. ಗೋಡೆಯ ಹಳೆ ರೆಗ್ಯುಲೇಟರ್ ಮಾತ್ರ ಇದಕ್ಕೆ ಆಗುವುದಿಲ್ಲ, ತೆಗೆಸಿ ನೇರ ಸ್ವಿಚ್ ಹಾಕಿಸಬೇಕು. ರಿಮೋಟ್ ಕಳೆದುಹೋಗುವುದು ಇದರ ದೊಡ್ಡ ಕಾಯಿಲೆ. ಅವ್ವ ರಿಮೋಟಿಗೆ ದಾರ ಕಟ್ಟಿ ಮಂಚದ ಕಾಲಿಗೆ ಗಂಟು ಹಾಕಿದ್ದಾರೆ, ಕಂಪನಿಯವರಿಗೆ ಹೊಳೆಯದ ಉಪಾಯ.

ಕೂಲರ್ರೋ ಎಸಿಯೋ ಅನ್ನುವುದು ನಿಮ್ಮ ಊರಿನ ಗಾಳಿಯ ಮೇಲೆ ನಿಂತಿದೆ. ದಾವಣಗೆರೆ, ಬಳ್ಳಾರಿ, ರಾಯಚೂರು, ಕಲಬುರಗಿಯ ಒಣ ಬೇಸಿಗೆಗೆ ಕೂಲರ್ ಹೇಳಿ ಮಾಡಿಸಿದ್ದು. 150ರಿಂದ 200 ವ್ಯಾಟಿನಲ್ಲಿ ಕೋಣೆ ತಂಪಾಗುತ್ತದೆ. ಒಂದು ಕಿಟಕಿ ತೆರೆದಿಡಬೇಕು ಅಷ್ಟೇ. ಮಂಗಳೂರು, ಉಡುಪಿ, ಕಾರವಾರದವರು ಕೂಲರ್ ತಂದರೆ ಬೆವರಿನ ಜೊತೆ ಮುಗ್ಗಲು ವಾಸನೆ ಫ್ರೀ. ಅಲ್ಲಿನ ಗಾಳಿ ಆಗಲೇ ನೀರು ಕುಡಿದು ಕೂತಿರುತ್ತದೆ, ಇನ್ನೆಲ್ಲಿಂದ ಕುಡಿಯಬೇಕು? ನಮ್ಮಲ್ಲೂ ಜೂನ್ ಮೊದಲ ಮಳೆ ಬಿದ್ದ ಮೇಲೆ ಕೂಲರ್ ಕೆಲಸ ಮುಗಿಯಿತು. ನೀರಿನ ಲೆಕ್ಕವನ್ನೂ ಮರೆಯಬೇಡಿ. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ರಾತ್ರಿಗೆ ಎರಡು ಮೂರು ಬಿಂದಿಗೆ ಕೂಲರಿಗೆ ಸುರಿಯಲು ಮನಸ್ಸು ಬರುವುದಿಲ್ಲ.

ಎಸಿ ಹಾಕಿಸುವುದೇ ಆದರೆ ಒಂದೇ ಕೋಣೆಗೆ ಹಾಕಿಸಿ. ಮನೆಯಲ್ಲಿ ಪಡುವಣ ಬಿಸಿಲು ಬೀಳದ ಒಂದು ಕೋಣೆ ಆರಿಸಿ. ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ತಟ್ಟಿ. ಮೇ ತಿಂಗಳ ಕಡು ರಾತ್ರಿಗಳಲ್ಲಿ ಎಲ್ಲರೂ ಅಲ್ಲೇ ಹಾಸಿಗೆ ಹಾಸಿಕೊಳ್ಳಿ. ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದವರೇ ಅಲ್ವಾ ನಾವೆಲ್ಲ? ಹಗಲು ಅದೇ ಕೋಣೆ ನನ್ನ ಹೆಂಡತಿಯ ಆಫೀಸು. ಬಾಗಿಲು ಮುಚ್ಚಿದರೆ ಮೀಟಿಂಗಿಗೆ ಕುಕ್ಕರ್ ಕೂಗು ಕೇಳಿಸುವುದಿಲ್ಲ. ತಾರಸಿ ಬೆಳ್ಳಗಾದ ಮೇಲೆ ನಮಗೆ ಒಂದೂವರೆ ಟನ್ ಬೇಕಾಗಲಿಲ್ಲ, 110 ಚದರಡಿಗೆ ಒಂದು ಟನ್ ಸಾಕಾಯಿತು. ಇನ್ವರ್ಟರ್ ಎಸಿಯನ್ನು 26ಕ್ಕೆ ಇಟ್ಟು ಮೇಲೆ ಫ್ಯಾನು ನಿಧಾನಕ್ಕೆ ಬಿಟ್ಟರೆ 22ಕ್ಕೆ ಇಟ್ಟು ಕಂಬಳಿ ಹೊದ್ದವರಷ್ಟೇ ನಿದ್ದೆ ಬರುತ್ತದೆ.

200 ಯೂನಿಟ್‌ನ ಗೆರೆ

ಬೇರೆ ರಾಜ್ಯದವರ ಲೆಕ್ಕ ನೋಡಿ ನಾವು ಮನೆ ರಿಪೇರಿ ಮಾಡಲಾಗದು, ಯಾಕೆಂದರೆ ನಮ್ಮಲ್ಲಿ ಗೃಹಜ್ಯೋತಿ ಇದೆ. 2023ರಲ್ಲಿ ಬಂದ ಈ ಯೋಜನೆಯಲ್ಲಿ ನಿಮ್ಮ 2022–23ರ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತ ಪಾಲು ಗೊತ್ತು ಮಾಡಿದರು. ತೀರ ಕಮ್ಮಿ ಬಳಸುವವರಿಗೆ ಆಮೇಲೆ ಶೇ. 10ರ ಬದಲು 10 ಯೂನಿಟ್ ಮಾಡಿದರು. ಪಾಲು ದಾಟಿದರೂ 200ರ ಒಳಗಿದ್ದರೆ ಜಾಸ್ತಿ ಬಳಸಿದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮ ತಲೆ ಮೇಲೆ.

ಹಾಗಾಗಿ 198ಕ್ಕೂ 203ಕ್ಕೂ ನಡುವೆ ಇರುವುದು ಐದು ಯೂನಿಟ್ ಅಲ್ಲ. ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಹಿಡಿದರೂ ಸಾವಿರದ ಮೇಲೆ. ಮಾರ್ಚ್‌ನಿಂದ ಮೇವರೆಗೆ ಗೆರೆ ದಾಟುವ ಮನೆಗಳು ಬಹಳ. ನಾಲ್ಕು ಫ್ಯಾನಿನಿಂದ 64, ಗೀಸರ್ ಬದಲು ಸೋಲಾರ್ ಹೀಟರ್ ಹಾಕಿಸಿದ್ದರಿಂದ ಸುಮಾರು 70. ಅಷ್ಟು ಇಳಿದರೆ ಎಸಿ ಹಾಕಿಯೂ ಗೆರೆಯೊಳಗೆ ಇರಬಹುದು. ನಮ್ಮ ಮನೆಯಲ್ಲಿ ಆದದ್ದೂ ಇದೇ.

ಈಗ ಸೋಲಾರ್ ಪ್ಯಾನೆಲ್ ಬೇಕಾ ಬೇಡವಾ? ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ 100 ಚದರಡಿ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ನಿಮ್ಮ ಬಿಲ್ಲು ವರ್ಷವಿಡೀ ಸೊನ್ನೆ ಬರುತ್ತಿದ್ದರೆ ಪ್ಯಾನೆಲ್ ಹಾಕಿಸಿ ಉಳಿಸಲು ಏನಿದೆ? ಕೂಡುಕುಟುಂಬ, ಎರಡು ಎಸಿ, ತಿಂಗಳಿಗೆ 300–400 ಯೂನಿಟ್ ಓಡುವ ಮನೆಯಾದರೆ 3 ಕಿಲೋವ್ಯಾಟು ಕಣ್ಣು ಮುಚ್ಚಿ ಹಾಕಿಸಿ. ಸಬ್ಸಿಡಿ ಕಳೆದು ಕೈಯಿಂದ ಹೋಗುವ ಒಂದು ಲಕ್ಷದ ಚಿಲ್ಲರೆ ಐದಾರು ವರ್ಷದಲ್ಲಿ ವಾಪಸ್. ನಾವು ಹಾಕಿಸಿದ್ದು ಅಣ್ಣನ ಸಂಸಾರ ಮುಂದಿನ ವರ್ಷ ಊರಿಗೆ ಬಂದು ನಮ್ಮ ಜೊತೆ ಸೇರುವ ಲೆಕ್ಕದಲ್ಲಿ. ಇಲ್ಲದಿದ್ದರೆ ನಾನೂ ಕಾಯುತ್ತಿದ್ದೆ.

ಒಂದು ಮಾತು, ಮಾರುವವರು ತಾವಾಗಿ ಹೇಳುವುದಿಲ್ಲ. ಬ್ಯಾಟರಿ ಇಲ್ಲದೆ ನೇರ ಕರೆಂಟ್ ಲೈನಿಗೆ ಸೇರಿಸಿದ ಆನ್‌ಗ್ರಿಡ್ ಸೋಲಾರ್, ಕರೆಂಟು ಹೋದರೆ ತಾನೂ ನಿಂತುಬಿಡುತ್ತದೆ, ಮಟಮಟ ಮಧ್ಯಾಹ್ನವೇ ಆದರೂ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ. ಸೋಲಾರ್ ಬಂತು, ಯುಪಿಎಸ್ ಮಾರಿಬಿಡೋಣ ಅಂತ ಅವಸರ ಮಾಡಬೇಡಿ.

ಬಿಸಿನೀರು

ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ 100 ಲೀಟರ್ ಬಿಸಿನೀರು ಅಂದುಕೊಳ್ಳಿ. 25 ಡಿಗ್ರಿಯಿಂದ 45ಕ್ಕೆ ಏರಿಸಲು 2.3 ಯೂನಿಟ್ ಬೇಕೇ ಬೇಕು, ಯಾವ ಕಂಪನಿಯ ಗೀಸರ್ ಆದರೂ. ಐದು ಸ್ಟಾರ್ ಗೀಸರ್ ಉಳಿಸುವುದು ನೀರು ಸುಮ್ನೆ ನಿಂತಾಗ ಆರಿಹೋಗುವ ಬಿಸಿಯನ್ನು ಮಾತ್ರ. ತಿಂಗಳಿಗೆ 70 ಯೂನಿಟ್ ಹೋಗುವುದು ಹೋಗುತ್ತದೆ. ಹೊರಗಿನ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಅದನ್ನು ಮೂರನೇ ಒಂದಕ್ಕೆ ಇಳಿಸುತ್ತದೆ, ಆದರೆ ಬೆಲೆ ಕೈ ಸುಡುತ್ತದೆ. ಹಾಸ್ಟೆಲ್ಲು, ಲಾಡ್ಜಿಗೆ ಸರಿ. ಗ್ಯಾಸ್ ಗೀಸರನ್ನು ಕಿಟಕಿಯಿಲ್ಲದ ಬಚ್ಚಲಲ್ಲಿ ಇಡಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜೀವ ಹೋಗುತ್ತದೆ.

ನಮ್ಮ ಬಿಸಿಲಿಗೆ ಸೋಲಾರ್ ಹೀಟರೇ ಸರಿ. ಬೋರ್‌ವೆಲ್ಲಿನ ಗಡಸು ನೀರಾದರೆ ಗಾಜಿನ ಕೊಳವೆಯದು ತೆಗೆದುಕೊಳ್ಳಿ. ತಾಮ್ರದ ಸಣ್ಣ ಪೈಪಿನದಾದರೆ ಒಳಗೆ ಉಪ್ಪು ಕಟ್ಟಿ ಮೂರು ನಾಲ್ಕು ವರ್ಷಕ್ಕೆ ನೀರು ಹರಿಯುವುದೇ ನಿಲ್ಲಬಹುದು. ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಮೇಲೆ ಇರಬೇಕು. ಹಳೆ ಮನೆಯಲ್ಲಿ ಸಿಂಟೆಕ್ಸ್ ತಾರಸಿ ಮೇಲೇ ಕೂತಿರುತ್ತದೆ, ಅದಕ್ಕೊಂದು ಸ್ಟ್ಯಾಂಡಿನ ಖರ್ಚು ಸೇರಿಸಿಕೊಳ್ಳಿ. ಇನ್ನೊಂದು, ತಾರಸಿಯಿಂದ ಬಚ್ಚಲಿಗೆ 15 ಮೀಟರ್ ಮುಕ್ಕಾಲಿಂಚು ಪೈಪಿದ್ದರೆ ಬಿಸಿನೀರು ಬರುವ ಮುಂಚೆ ನಾಲ್ಕೈದು ಲೀಟರ್ ತಣ್ಣೀರು ಬರುತ್ತದೆ. ಅದಕ್ಕೆ ಒಂದು ಬಕೆಟ್ ಇಡಿ, ಗಿಡಕ್ಕಾಯಿತು.

ಅಪ್ಪನ ಕಾಲದ ತಾಮ್ರದ ಹಂಡೆ ಇನ್ನೂ ಹಿತ್ತಲಲ್ಲಿದೆ. ಜುಲೈನಲ್ಲಿ ನಾಲ್ಕು ದಿನ ಜಡಿಮಳೆ ಹಿಡಿದರೆ ಅವ್ವ ಒಲೆ ಹಚ್ಚುತ್ತಾರೆ. ನಾನು ಗೀಸರ್ ಸ್ವಿಚ್ ಒತ್ತುತ್ತೇನೆ. ಇಬ್ಬರಿಗೂ ಬಿಸಿನೀರು.

ಅಡುಗೆಮನೆ ಗೋಡೆ ಒಡೆಯೋದಾ?

ನಮ್ಮಲ್ಲಿ ಜಾಸ್ತಿ ಜಗಳವಾದದ್ದು ಇದಕ್ಕೆ. ಗೋಡೆ ಒಡೆದು ಪಡಸಾಲೆಗೆ ಸೇರಿಸಿದರೆ ಅಡುಗೆ ಮಾಡುವವರು ಒಂಟಿಯಾಗುವುದಿಲ್ಲ, ಮಕ್ಕಳ ಓದಿನ ಮೇಲೂ ಕಣ್ಣಿರುತ್ತದೆ. ಹೆಂಡತಿ ಹೇಳಿದ್ದು ನ್ಯಾಯವೇ. ಆದರೆ ಒಣ ಮೆಣಸಿನಕಾಯಿ ಒಗ್ಗರಣೆಯ ಘಾಟು, ಮೂರು ಬರ್ನರ್ ಒಲೆಯ ಝಳ ಎಲ್ಲ ಪಡಸಾಲೆಗೆ. ಮುಂದೆ ಪಡಸಾಲೆಗೆ ಎಸಿ ಹಾಕಿಸಿದರೆ ಆ ಝಳವನ್ನೂ ಅದೇ ಹೊರಗೆ ಹಾಕಬೇಕು. ಜೊತೆಗೆ ಆ ಗೋಡೆ ಭಾರ ಹೊರುವ ಒಂಬತ್ತಿಂಚಿನ ಗೋಡೆ ಅಂತ ಎಂಜಿನಿಯರ್ ಹೇಳಿದರು. 90ರ ದಶಕದ ಎಷ್ಟೋ ಮನೆಗಳಲ್ಲಿ ಕಂಬಗಳೇ ಇಲ್ಲ, ಗೋಡೆಯೇ ಸೂರನ್ನು ಹೊತ್ತಿರುತ್ತದೆ. ತೋರಿಸದೆ ಒಡೆಯಬೇಡಿ.

ಕೊನೆಗೆ ನಾಲ್ಕಡಿ ಅಗಲದ ಒಂದು ಕಿಂಡಿ ತೆಗೆಸಿ, ಮೇಲೆ ಲಿಂಟಲ್ ಕೊಟ್ಟು, ಗಾಜಿನ ಬಾಗಿಲು ಇಟ್ಟೆವು. ಒಗ್ಗರಣೆ ಹೊತ್ತಿಗೆ ಮುಚ್ಚು, ಊಟದ ಹೊತ್ತಿಗೆ ತೆರೆ. ಮುಖ ಕಾಣುತ್ತದೆ, ಘಾಟು ಬರುವುದಿಲ್ಲ. ಚಿಮಣಿಯನ್ನು ಹೊರಗೆ ಪೈಪು ಬಿಡುವುದೇ ಆದರೆ ಮಾತ್ರ ಹಾಕಿಸಿ. ಒಳಗೇ ಗಾಳಿ ತಿರುಗಿಸುವ ಚಿಮಣಿಗಿಂತ ಎರಡು ಸಾವಿರದ ಎಕ್ಸಾಸ್ಟ್ ಫ್ಯಾನು ಮೇಲು.

ಕೆಲಸದ ಸಾಲು

ಇದೆಲ್ಲ ಶುರು ಮಾಡುವ ಮುಂಚೆ ವೈರಿಂಗ್ ನೋಡಿ. ನಮ್ಮ ಮನೆಯಲ್ಲಿ ಅರ್ಧ ಪ್ಲಗ್ಗುಗಳಿಗೆ ಅರ್ಥಿಂಗೇ ಇರಲಿಲ್ಲ. ಎಸಿಗೆ ಬೇರೆಯೇ 4 ಚದರ ಮಿಲಿಮೀಟರಿನ ತಾಮ್ರದ ವೈರು, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಇಡೀ ಮನೆಗೆ, ಬೆಸ್ಕಾಂನಲ್ಲಿ ಮಂಜೂರಾದ ಲೋಡ್ ಸಾಲದಿದ್ದರೆ ಅದನ್ನು ಏರಿಸುವುದು. ಕಣ್ಣಿಗೆ ಕಾಣದ ಖರ್ಚು ಇದು, 60,000 ಆಯಿತು. ಗೋಡೆ ಕೊರೆಯುವಾಗಲೇ ಹಿರಿಯರ ಬಚ್ಚಲಿಗೆ ಹಿಡಿಕೆ, ಜಾರದ ಟೈಲ್ಸು, ಮಂಚದ ಪಕ್ಕ ಒಂದು ಸ್ವಿಚ್ಚು, ಓದುವ ಮೇಜಿನ ಹತ್ತಿರ ನಾಲ್ಕು ಪ್ಲಗ್ಗು ಎಲ್ಲ ಮುಗಿಸಿಕೊಳ್ಳಿ. ಬಣ್ಣ ಹೊಡೆದ ಮೇಲೆ ಗೋಡೆ ಕೊರೆಸಿದವರ ಸಂಕಟ ನೋಡಿದ್ದೇನೆ.

ತಾರಸಿ ಕೆಲಸ ಫೆಬ್ರುವರಿ, ಮಾರ್ಚಿನಲ್ಲಿ. ಒಣ ಹವೆ, ಗಾರೆಗೆ ನೀರು ಕಟ್ಟಲೂ ಸರಿ, ಬೇಸಿಗೆ ಬರುವಷ್ಟರಲ್ಲಿ ತಯಾರು. ಮೇಸ್ತ್ರಿಗಳು ಏಪ್ರಿಲ್ ಹೊತ್ತಿಗೆ ಮದುವೆ, ಜಾತ್ರೆ ಅಂತ ಊರು ಸೇರುತ್ತಾರೆ, ಕೈಗೆ ಸಿಗುವುದಿಲ್ಲ. ಒಪ್ಪಂದ ಮಾಡಿಕೊಳ್ಳುವಾಗಲೇ ಕಾಲು ಭಾಗ ದುಡ್ಡು ನೀರು ನಿಲ್ಲಿಸಿದ ಮೇಲೆ ಅಂತ ಬರೆಸಿ. ವಾಟರ್‌ಪ್ರೂಫಿಂಗ್ ಮುಗಿದ ಮೇಲೆ, ಬಿಳಿ ಬಳಿಯುವ ಮುಂಚೆ, ಮಳೆನೀರಿನ ಪೈಪುಗಳ ಬಾಯಿ ಮುಚ್ಚಿ ಎರಡಿಂಚು ನೀರು ಕಟ್ಟಿ ಎರಡು ದಿನ ಬಿಡಿ. ಕೆಳಗೆ ಹೋಗಿ ಸೂರಿನ ನಾಲ್ಕೂ ಮೂಲೆಗೆ ಅಂಗೈ ಹಚ್ಚಿ ನೋಡಿ. ಒಣಗಿದ್ದರೆ ಕೊಡಿ.